ಕಪ್ಪೆ ಜಿಗಿದ ನೀರು

"ಅರೆ ಓ ಲುಂಗಿವಾಲೆ, ಕ್ಯಾ ಪಕಡ್ ರಹೇ ಉಧರ್?"

ಅಲ್ಲೇನು ಹಿಡಿಯುತ್ತಿದ್ದೀ ಎಂದು ಮೇಲಿನಿಂದ ಕಾವಲುಗಾರ ಕೂಗಿದಾಗ ಮಲ್ಲು ಮೊಣಕಾಲುದ್ದದ ರಾಡಿಯಲ್ಲಿ ಬಗ್ಗಿ ನಿಂತಿದ್ದ. ಎಡಗೈಯಲ್ಲಿ ಸಿಮೆಂಟಿನ ಖಾಲಿ ಚೀಲ, ಬಲಗೈ ನೀರಿನೊಳಗೆ. ಹೈದರಾಬಾದಿನ ಮಣಿಕೊಂಡದಲ್ಲಿ ಹೊಸ ಕಟ್ಟಡಕ್ಕೆಂದು ಪಾಯ ತೋಡಿ, ಯಾವುದೋ ತಕರಾರಿಗೆ ಕೆಲಸ ನಿಂತು, ಗುಂಡಿಯ ತುಂಬ ಮಳೆನೀರು ತುಂಬಿಕೊಂಡಿತ್ತು. ಮುಂದೆ ಏಳಲಿರುವ ಕಟ್ಟಡದ ಚಿತ್ರವನ್ನು ತಗಡಿನ ಬೇಲಿಯ ಮೇಲೆ ದೊಡ್ಡದಾಗಿ ಹಾಕಿದ್ದರು. ಗಾಜಿನ ಗೋಡೆ, ನೀಲಿ ಆಕಾಶ, ಕಂಪ್ಯೂಟರ್ ಹಿಡಿದು ಹಲ್ಲು ಬಿಡುವ ಹುಡುಗಿ. ಬೇಲಿಯ ಒಳಗೆ ಸದ್ಯಕ್ಕೆ ಕಪ್ಪೆಗಳದೇ ಕಾರುಬಾರು.

"ದವಾ ಕೆ ಲಿಯೆ, ಭಾಯ್," ಎಂದ ಮಲ್ಲು, ತಲೆ ಎತ್ತದೆ.

ಔಷಧಿಗೆ ಎಂದರೆ ಈ ಊರಿನಲ್ಲಿ ಯಾರೂ ಮರುಮಾತು ಆಡುವುದಿಲ್ಲ. ದಮ್ಮು ಹೋಗಲೆಂದು ಜೀವಂತ ಮೀನು ನುಂಗಲು ಸರದಿಯಲ್ಲಿ ನಿಲ್ಲುವ ಊರು. ಕಾವಲುಗಾರ ನಕ್ಕು, ಬೀಡಿ ಹಚ್ಚಿಕೊಂಡು ಆಚೆ ಹೋದ. ರಸ್ತೆಯಲ್ಲಿ ಅವನು ಬಂದಿದ್ದ ಲಾರಿಯ ಡ್ರೈವರ್ ಹಾರ್ನ್ ಬಾರಿಸತೊಡಗಿದ. ಮಲ್ಲು ಕೈಗೆ ಸಿಕ್ಕಷ್ಟು ಕಪ್ಪೆಗಳನ್ನು ಚೀಲಕ್ಕೆ ತುರುಕಿ, ಬಾಯಿಗೆ ಸುತಳಿ ಕಟ್ಟಿ, ದಡ ಹತ್ತಿ ಬಂದ. ಲಾರಿಯ ಹಿಂಬದಿಯ ಒದ್ದೆ ಗೋಣಿತಟ್ಟುಗಳ ಕೆಳಗೆ ಚೀಲವನ್ನು ಹುದುಗಿಸಿ ತಾನೂ ಅದರ ಪಕ್ಕ ಕುಳಿತ. ಚೀಲ ಮಿಸುಕಾಡಿದಾಗೆಲ್ಲ ಅದರ ಮೇಲೆ ಕೈಯಿಡುತ್ತಿದ್ದ. ಒಂದಾದರೂ ಸತ್ತರೆ ಅವನಿಗೆ ಲುಕ್ಸಾನು.

ಹೈದರಾಬಾದಿಗೆ ಹುಲ್ಲಿನ ಹುಚ್ಚು ಹಿಡಿದ ಕಾಲ ಅದು. ಸಾಫ್ಟ್‌ವೇರ್ ಕಂಪನಿಯ ಗೋಡೆ ಏಳುವ ಮೊದಲೇ ಅದರ ಮುಂದಿನ ಹುಲ್ಲಿಗೆ ಆರ್ಡರು ಹೋಗಿರುತ್ತಿತ್ತು. ದನ ಮೇಯಬಾರದು, ಹೂ ಬಿಡಬಾರದು, ಒಂದು ಹುಳವೂ ಕಾಣಬಾರದು, ವರ್ಷಪೂರ್ತಿ ಹಸಿರಾಗಿರಬೇಕು. ಅಂಥ ಹುಲ್ಲನ್ನು ಗಂಡಿಪೇಟೆಯ ಆಚೆ, ಮೊದಲು ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಬೆಳೆಯುತ್ತಿದ್ದರು. ಬೆಳೆದ ಮೇಲೆ ಮಣ್ಣುಸಮೇತ ಚೌಕ ಚೌಕವಾಗಿ ಕೊಯ್ದು, ಚಾಪೆಯ ಹಾಗೆ ಸುತ್ತಿ, ಲಾರಿಗೆ ಹೇರುವುದು. ಅಲ್ಲಿ ಹೋಗಿ ಹಾಸಿಬಿಟ್ಟರೆ ಸಂಜೆಯೊಳಗೆ ಹಸಿರೇ ಹಸಿರು. ಇದನ್ನೂ ಬೇಸಾಯ ಎಂದೇ ಕರೆಯುತ್ತಿದ್ದರು, ಬ್ಯಾಂಕಿನವರೂ ಹಾಗೆಯೇ ನಂಬಿದ್ದರು.

ಮಲ್ಲು ಕೆಲಸ ಮಾಡುತ್ತಿದ್ದ ತೋಟ ರಾಮಕೃಷ್ಣ ಎಂಬವರದು. ಮೈಸೂರಿನ ಕಡೆಯವರು. ಇಲ್ಲಿಯ ಸರಕಾರಿ ಕಾರ್ಖಾನೆಯೊಂದರಲ್ಲಿ ದುಡಿದು, ನಿವೃತ್ತರಾಗಿ ಹುಲ್ಲಿಗೆ ಇಳಿದಿದ್ದರು. ಮಲ್ಲುವನ್ನೂ ಅವನ ಹೆಂಡತಿ ಗದಿಗೆಮ್ಮನನ್ನೂ ಕನ್ನಡದವರು ಎಂಬ ಒಂದೇ ಕಾರಣಕ್ಕೆ ಕರೆದು, ತೋಟದ ಮೂಲೆಯಲ್ಲಿ ತಗಡಿನ ಕೋಣೆ ಕೊಟ್ಟು ಇರಿಸಿಕೊಂಡಿದ್ದರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ಅಲ್ಲಿಗೆ ಬಂದದ್ದೇ ಗದಿಗೆಮ್ಮನ ಹೊಟ್ಟೆಯ ಸಲುವಾಗಿ. ದೇವದುರ್ಗದ ಕಡೆಯ ಹಳ್ಳಿಯಿಂದ ಬಂದ ಮೇಲೆ ಇಬ್ಬರೂ ಕಟ್ಟಡದ ಕೆಲಸಕ್ಕೇ ಹೋಗುತ್ತಿದ್ದರು. ಕಾಂಕ್ರೀಟಿನ ಬುಟ್ಟಿ ಹೊತ್ತು ಮಹಡಿ ಹತ್ತಿ ಇಳಿಯುವುದರಲ್ಲಿ ಅವಳ ಎರಡು ಬಸಿರು ಹೋಗಿದ್ದವು. ಎರಡನೆಯದು ಅಮೀರ್‌ಪೇಟೆಯ ಹಾಸ್ಟೆಲ್ ಕಟ್ಟಡವೊಂದರ ಮೆಟ್ಟಿಲ ಮೇಲೆಯೇ ಆಗಿತ್ತು. ಮೂರನೆಯದು ನಿಂತಾಗ ಮಲ್ಲು, ಇನ್ನು ನೀನು ತಲೆಯ ಮೇಲೆ ಒಂದು ಇಟ್ಟಂಗಿ ಹೊತ್ತರೂ ನನ್ನಾಣೆ ಎಂದ. ಹುಲ್ಲಿನ ತೋಟದಲ್ಲಿ ಕುಳಿತು ಕಸ ಕೀಳುವ ಕೆಲಸ. ಭಾರವಿಲ್ಲ, ಧೂಳಿಲ್ಲ, ಕಣ್ಣು ಹಾಯಿಸಿದಷ್ಟೂ ಹಸಿರು. ದೇವರು ಕಣ್ಣು ತೆರೆದ ಎಂದುಕೊಂಡರು. ಆರನೆಯ ತಿಂಗಳು ತುಂಬಿದಾಗ ಗದಿಗೆಮ್ಮ ಹೊಟ್ಟೆಯ ಮೇಲೆ ಅವನ ಕೈಯಿಟ್ಟು, "ನೋಡು ಮಾಮ, ಹೆಂಗ ಒದಿತೈತಿ ನಿನ್ನಂಗ," ಎಂದು ನಕ್ಕಿದ್ದಳು. ಅವಳು ಅವನ ಅಕ್ಕನ ಮಗಳು. ಮದುವೆಯಾದ ಮೇಲೂ ಮಾಮ ಎಂದೇ ಕರೆಯುತ್ತಿದ್ದಳು.

ತೋಟದ ತಗ್ಗಿನಲ್ಲಿ ಭತ್ತದ ಕಾಲದ ಕಲ್ಲು ಕಟ್ಟಿದ ಬಾವಿಯೊಂದಿತ್ತು. ಆಳುಗಳಿಗೆ ಕುಡಿಯಲು ಅದೇ ನೀರು. ಬೋರಿನ ನೀರು ಗೊಬ್ಬರ ಕಲಸುವ ತೊಟ್ಟಿಗೆ ಬಿದ್ದು, ಅಲ್ಲಿಂದ ಹುಲ್ಲಿನ ಮೇಲೆ ಕಾರಂಜಿಯಾಗಿ ಚಿಮ್ಮುತ್ತಿತ್ತು.

ಬಾವಿಯಿಂದ ನೀರು ಸೇದಲು ಗದಿಗೆಮ್ಮನಿಗೆ ಅವಳದೇ ಒಂದು ಪದ್ಧತಿ ಇತ್ತು, ಅವಳನ್ನು ಸಾಕಿದ ಮುದುಕಿ ಕಲಿಸಿದ್ದು. ಕೊಡ ಬಿಡುವ ಮೊದಲು ಒಂದು ಸಣ್ಣ ಕಲ್ಲು ಎಸೆದು ಸುಮ್ಮನೆ ನಿಲ್ಲಬೇಕು. ಸಂದಿಯಲ್ಲಿ ಕುಳಿತ ಕಪ್ಪೆ ಬೆದರಿ ಡುಬುಕ್ ಎಂದು ಹಾರಿದರೆ ಆ ನೀರು ಕುಡಿಯಬಹುದು. ಹಾರದಿದ್ದರೆ ಕೊಡ ಹೊತ್ತು ಮುಂದಿನ ಬಾವಿಗೆ ನಡೆ. ಹೊಸದಾಗಿ ಬಂದಾಗ ಒಂದು ಕಲ್ಲಿಗೆ ಐದಾರು ಕಪ್ಪೆ ಹಾರುತ್ತಿದ್ದವು. ಜೊತೆಗೆ ಕಸ ಕೀಳುತ್ತಿದ್ದ ನಾರಾಯಣಪೇಟೆಯ ಮುದುಕಿ ಯಂಕಮ್ಮ, "ಏನವ್ವ, ದಿನಾ ಬಾಗಲ ಬಡದು ಒಳಗ ಹೊಕ್ಕೀ?" ಎಂದು ಚಾಷ್ಟಿ ಮಾಡುತ್ತಿದ್ದಳು.

ಮಳೆಗಾಲ ಸುರುವಾಗುವ ಹೊತ್ತಿಗೆ ಹುಲ್ಲಿಗೆ ಬೇರುಹುಳ ಬಿತ್ತು. ಆಮೇಲೆ ಎಣ್ಣಿ ಹೊಡೆದದ್ದೇ ಹೊಡೆದದ್ದು. ಬೆಳೆಗೆ ಹೊಡೆಯುವ ವಿಷಕ್ಕೆ ಮಲ್ಲುವಿನ ಊರಿನ ಕಡೆ ಎಣ್ಣಿ ಎಂದೇ ಹೆಸರು. ಒಂದು ಬೆಳಿಗ್ಗೆ ಗದಿಗೆಮ್ಮ ಖಾಲಿ ಕೊಡ ಹಿಡಿದು ವಾಪಸು ಬಂದಳು.

"ಮಾಮ, ಬಾವ್ಯಾಗ ಏನೂ ಅಲುಗಾಡವಲ್ದು. ನಾ ಈ ನೀರು ಕುಡಿಯಂಗಿಲ್ಲ."

"ಎಲ್ಲೋ ಸಂದ್ಯಾಗ ಕುಂತಿರತಾವ. ಅವಕ್ಕೂ ಬ್ಯಾಸರ ಬರತೈತಿಲ್ಲ?"

"ನಗಚಾಟಕಿ ಬ್ಯಾಡ. ಎಲ್ಡು ಕಳಕೊಂಡೀನಿ. ಇದನ್ನ ಕಳಕೊಳ್ಳಂಗಿಲ್ಲ. ನೀರರೆ ಬದಲ್ ಮಾಡು, ಇಲ್ಲಾ ಜಾಗ ಬದಲ್ ಮಾಡು."

ಮಲ್ಲು ಪೇಟೆಯಿಂದ ಬಾಟಲಿ ನೀರು ತಂದು ಕೊಟ್ಟ. ಅವಳು ಒಂದು ಗುಟುಕು ಕುಡಿದು ವಾಂತಿ ಮಾಡಿದಳು. ಪ್ಲಾಸ್ಟಿಕ್ಕಿನ ನಾತ, ಇದರೊಳಗೆ ಯಾವ ಜೀವ ಇದ್ದೀತು, ಕಟ್ಟಡದ ಸೈಟಿಗೇ ಹೋಗೋಣ ನಡಿ, ಅಲ್ಲಿ ಟ್ಯಾಂಕರಿನ ನೀರಾದರೂ ಇರುತ್ತದೆ ಎಂದಳು. ಮಲ್ಲುವಿಗೆ ಸೈಟು ಬೇಡವಾಗಿತ್ತು. ಅಲ್ಲಿಗೆ ಹೋದರೆ ಇವಳು ಸುಮ್ಮನೆ ಕೂಡುವವಳಲ್ಲ. ಮೇಸ್ತ್ರಿ ಕೂಡಲು ಬಿಡುವವನೂ ಅಲ್ಲ.

ಧೈರ್ಯ ಮಾಡಿ ರಾಮಕೃಷ್ಣರ ಹತ್ತಿರ ಹೋದ. ಅವರು ಕೊಡೆಯ ಕೆಳಗೆ ನಿಂತು ಹುಲ್ಲಿನ ಬೇರು ಬಿಡಿಸಿ ನೋಡುತ್ತಿದ್ದರು.

"ಸಾವಕಾರ್ರೆ, ಬಾವ್ಯಾಗಿನ ಕಪ್ಪಿ ಎಲ್ಲಾ ಸತ್ತಾವರಿ."

"ಒಳ್ಳೇದೇ ಆಯ್ತಲ್ಲೋ. ಕಪ್ಪೆ ಹೋದ್ರೆ ಹಾವು ಬರಲ್ಲ," ಎಂದರು ರಾಮಕೃಷ್ಣ. "ನಿನ್ನ ಹೆಂಡತಿ ಬೇರೆ ಬಸುರಿ. ಹಾವಿನ ಭಯ ಇರಬಾರದು."

"ನೀರು ಕುಡಿಬೌದೇನ್ರಿ?"

"ನಾವು ಹೊಡಿಯೋದು ಹುಳಕ್ಕೆ ಕಣಯ್ಯ, ಮನುಷ್ಯರಿಗಲ್ಲ. ಲೆಕ್ಕ ನೋಡಿಯೇ ಹಾಕಿಸ್ತೀನಿ. ಬೇಕಾದ್ರೆ ಕಾಯಿಸಿ ಕುಡೀಲಿ."

ಅವರು ನಂಬಿಯೇ ಹೇಳಿದ್ದು. ತಾವು ಮಾತ್ರ ಮನೆಯಿಂದ ತಂದ ಸ್ಟೀಲಿನ ಬಾಟಲಿಯಿಂದ ಕುಡಿಯುತ್ತಿದ್ದರು, ಅದು ಬಹುಕಾಲದ ಅಭ್ಯಾಸ.

ಮರುದಿನ ಮಣಿಕೊಂಡದಲ್ಲಿ ಹುಲ್ಲು ಇಳಿಸುವಾಗ ಪಕ್ಕದ ಗುಂಡಿಯಿಂದ ಕಪ್ಪೆಗಳ ಗದ್ದಲ ಕೇಳಿಸಿತು. ಮಲ್ಲುವಿನ ಮಂಡೆಗೆ ಆ ವಿಚಾರ ಹೊಕ್ಕದ್ದು ಆಗ. ಊರಿನಲ್ಲಿ ನೀರು ತಿಳಿಯಾಗಲಿ ಎಂದು ಬಾವಿಗೆ ಆಮೆ ಬಿಡುತ್ತಿದ್ದದ್ದು ಅವನಿಗೆ ನೆನಪಿತ್ತು. ಆಮೆ ಬಿಟ್ಟರೆ ನೀರು ಒಳ್ಳೆಯದಾಗುವುದಾದರೆ ಕಪ್ಪೆ ಬಿಟ್ಟರೆ ಯಾಕೆ ಆಗಬಾರದು? ಕಪ್ಪೆ ಇದ್ದಲ್ಲಿ ನೀರು ಚಲೋ ಎಂದು ಅವಳೇ ಹೇಳುತ್ತಾಳಲ್ಲ. ಮನಸ್ಸು ಒಂದು ಕಡೆ ವಾಲಬೇಕೆಂದರೆ ಅದಕ್ಕೆ ಬೇಕಾದ ನ್ಯಾಯವನ್ನು ತಾನೇ ಹುಡುಕಿಕೊಳ್ಳುತ್ತದೆ. ಅಂದು ಸಂಜೆ ಗದಿಗೆಮ್ಮ ರೊಟ್ಟಿ ಬಡಿಯುತ್ತಿದ್ದಾಗ ಅವನು ಚೀಲ ಬಿಚ್ಚಿ ಬಾವಿಗೆ ಸುರಿದ.

ಬೆಳಿಗ್ಗೆ ಅವಳೊಂದಿಗೆ ತಾನೂ ಬಾವಿಗೆ ಹೋದ. ಅವಳು ಕಲ್ಲು ಎಸೆದಳು. ಡುಬುಕ್ ಎಂದಿತು. ಇನ್ನೊಂದು. ಮತ್ತೊಂದು.

"ಬಂದಾವ ನೋಡು ಮಾಮ," ಎಂದು ತಿರುಗಿದಳು. ಮುಖ ಅರಳಿತ್ತು. ದಡದ ಮೇಲೆಯೇ ಕೊಡ ಬಗ್ಗಿಸಿ ಬೊಗಸೆಯಲ್ಲಿ ಗಟಗಟ ಕುಡಿದಳು. ಎರಡು ದಿನದ ನೀರಡಿಕೆ. ಮಲ್ಲು ಅವಳ ಹಿಂದೆ ನಿಂತು ನೋಡುತ್ತಿದ್ದ. ಅವನಿಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಬೇಕು.

ಆಮೇಲೆ ಅದೇ ಕಸುಬಾಯಿತು. ಎಣ್ಣಿ ಹೊಡೆದ ಮೇಲೆ ಬೀಳುವ ಮೊದಲ ಮಳೆಗೆ ತೋಟದ ನೀರೆಲ್ಲ ತಗ್ಗಿಗೆ ಹರಿದು ಬಾವಿ ಸೇರುತ್ತಿತ್ತು. ಮರುದಿನ ಕಪ್ಪೆಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಗದಿಗೆಮ್ಮ ಏಳುವ ಮೊದಲೇ ಮಲ್ಲು ಹೋಗಿ ಅವನ್ನು ಬುಟ್ಟಿಯಿಂದ ಗೋರಿ ತೆಗೆದು ಮರಳಲ್ಲಿ ಹೂಳುತ್ತಿದ್ದ. ಲಾರಿ ವಾಪಸು ಬರುವಾಗ ಹೊಸವು ಬರುತ್ತಿದ್ದವು. ಒಂದೊಂದು ಸಲ ಗುಂಡಿಯ ಗಟ್ಟಿ ಜೀವಗಳು ವಾರದ ತನಕ ತಡೆಯುತ್ತಿದ್ದವು, ಆಗ ಮಲ್ಲುವಿಗೆ ನೀರು ಸುಧಾರಿಸಿತು ಎನಿಸುತ್ತಿತ್ತು. ಅವನೂ ಅದೇ ನೀರು ಕುಡಿದ, ಬೇಕೆಂದೇ ಹೆಚ್ಚು ಕುಡಿದ. ತಾನೂ ಕುಡಿದರೆ ಕೇಡು ಅರ್ಧರ್ಧ ಹಂಚಿಹೋದೀತು ಎಂಬ ಲೆಕ್ಕ ಅವನದು.

ಒಮ್ಮೆ ಹುಲ್ಲಿನ ನಡುವೆ ಅಂಗುಲದಷ್ಟು ಮರಿಕಪ್ಪೆಯೊಂದು ಸಿಕ್ಕಿತು. ಹಿಂಗಾಲು ಒಂದೇ ಇತ್ತು. ಇನ್ನೊಂದರ ಜಾಗದಲ್ಲಿ ಒಂದು ಮೊಳಕೆಯಷ್ಟೇ. ಅದು ಹಾರಲು ಹೋಗಿ ಗಿರಕಿ ಹೊಡೆದು ಅಲ್ಲೇ ಬೀಳುತ್ತಿತ್ತು. ದೂರದಲ್ಲಿ ಗದಿಗೆಮ್ಮ ಯಂಕಮ್ಮನ ಜೊತೆ ಮಾತಾಡುತ್ತಾ ಕಸ ಕೀಳುತ್ತಿದ್ದಳು. ಮಲ್ಲು ಅದನ್ನು ಕಾಲಿಂದ ಒತ್ತಿ ಮಣ್ಣು ಎಳೆದ. ಆ ದಿನ ಅವನಿಗೆ ಊಟ ಸೇರಲಿಲ್ಲ. ಕೇಳಿದ್ದಕ್ಕೆ ಬಿಸಿಲು ಎಂದ.

ದೊಡ್ಡ ಕಂಪನಿಯೊಂದರ ಹೊಸ ಆಫೀಸಿನ ಉದ್ಘಾಟನೆಗೆ ಹುಲ್ಲು ಬೇಕಾಗಿತ್ತು, ಒಂದು ಹಳದಿ ಚುಕ್ಕೆ ಕಂಡರೂ ಲಾರಿ ವಾಪಸು ಎಂದಿದ್ದರು. ರಾಮಕೃಷ್ಣ ಮೊದಲಿನ ಎಣ್ಣಿಯ ಜೊತೆ ಗುಳಿಗೆಯ ವಿಷವನ್ನೂ ಎರಚಿಸಿದರು. ಎರಚಿದವನು ಮಲ್ಲುವೇ. ಮೂಗಿಗೆ ಗದಿಗೆಮ್ಮನ ಹಳೆಯ ಸೀರೆಯ ತುಂಡು ಕಟ್ಟಿಕೊಂಡು, ಬಕೆಟ್ಟಿನಿಂದ ಬಿತ್ತನೆ ಮಾಡುವವನ ಹಾಗೆ ಬೀಸಿ ಬೀಸಿ ಎರಚಿದ. ಅಂದೇ ಮಳೆ ಹಿಡಿಯಿತು. ಬಿಡದೆ ಸುರಿದು ತೋಟವೆಲ್ಲ ಕೆರೆಯಾಯಿತು. ಬಾವಿ ಅಂಚಿನ ತನಕ ತುಂಬಿತು. ರಸ್ತೆ ಕೆಟ್ಟು ಲಾರಿ ನಿಂತಿತು, ಮಣಿಕೊಂಡಕ್ಕೆ ಹೋಗುವ ದಾರಿಯಿಲ್ಲ. ಬಾವಿಯಲ್ಲಿ ಹಿಂದೆ ತಂದು ಬಿಟ್ಟ ಕಪ್ಪೆಗಳಲ್ಲಿ ಒಂದೋ ಎರಡೋ ಬದುಕಿದ್ದವು. ಗದಿಗೆಮ್ಮ ಕಲ್ಲು ಎಸೆದಾಗ ಅವುಗಳಲ್ಲೊಂದು ಹೇಗೋ ಹಾರಿತು. ಅವಳು ನೀರು ತುಂಬಿಕೊಂಡು ಬಂದಳು. ಬ್ಯಾಡ ಎಂದು ಹೇಳಲು ಮಲ್ಲು ಬಾಯಿ ತೆರೆದ. ಹೇಳಿದರೆ ಎಲ್ಲ ಹೇಳಬೇಕಾಗುತ್ತಿತ್ತು. ಬಾಯಿ ಮುಚ್ಚಿಕೊಂಡ.

ಆ ವಾರದ ಕೊನೆಗೆ ಗದಿಗೆಮ್ಮ ಕಸ ಕೀಳುತ್ತಿದ್ದವಳು ಕುರ್ಚಿಗೆ ಒರಗಿದ ಹಾಗೆ ಹಿಂದಕ್ಕೆ ವಾಲಿ, "ಯಂಕಮ್ಮತ್ತಿ, ಕೂಸು ಒದಿಯವಲ್ದು," ಎಂದಳು. ಎರಡು ದಿನದಿಂದ ಒದ್ದಿರಲಿಲ್ಲವಂತೆ. ನಿದ್ದೆ ಮಾಡುತ್ತಿರಬೇಕೆಂದು ಸುಮ್ಮನಿದ್ದಳಂತೆ.

ಸರಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನೋವು ಬರಿಸಿ ಹೊರಗೆ ತೆಗೆದರು. ಗಂಡು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ಮಲ್ಲುವಿನ ಕೈಗೆ ಕೊಟ್ಟು, ತಾಯಿಗೆ ತೋರಿಸುವುದು ಬೇಡ ಎಂದು ತೆಲುಗಿನಲ್ಲಿ ಹೇಳಿದಳು. ಯಾಕೆ ಎಂದು ಅವನು ಕೇಳಲಿಲ್ಲ. ಬಟ್ಟೆ ಬಿಚ್ಚಿಯೂ ನೋಡಲಿಲ್ಲ.

ಡಾಕ್ಟರಮ್ಮ ಅವನನ್ನು ಕರೆದು, ನಿಮ್ಮದು ಸಂಬಂಧದಲ್ಲಿ ಮದುವೆಯೇ ಎಂದು ಕೇಳಿದಳು. ಅಕ್ಕನ ಮಗಳು ಎಂದ. "ಅದೇ ಮತ್ತೆ," ಎಂಬಂತೆ ತಲೆಯಾಡಿಸಿ ಬರೆದುಕೊಂಡಳು. ತಪ್ಪು ಸಂಬಂಧದ ಮೇಲೆ ಹೋಯಿತಲ್ಲ ಎಂದು ಮಲ್ಲುವಿಗೆ ಒಂದು ಗಳಿಗೆ ಹಗುರವಾದದ್ದು ನಿಜ. ಮರುಗಳಿಗೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕೆನಿಸಿತು. ಡಾಕ್ಟರಮ್ಮ ಪೆನ್ನಿನ ಟೋಪಿ ಹಾಕುತ್ತಾ, ಕುಡಿಯಲು ಯಾವ ನೀರು ಎಂದು ಕೇಳಿದಳು.

"ಬಾವಿ ನೀಳ್ಳು ಮೇಡಂ. ಮಂಚಿ ನೀಳ್ಳೇ," ಎಂದ. ಒಳ್ಳೆಯ ನೀರೇ.

ತೋಟಕ್ಕೆ ವಾಪಸು ಬಂದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಹುಲ್ಲು ಫಳಫಳ ಹೊಳೆಯುತ್ತಿತ್ತು, ಒಂದು ಹಳದಿ ಚುಕ್ಕೆಯೂ ಇರಲಿಲ್ಲ. ರಾಮಕೃಷ್ಣ ಸೇಬುಹಣ್ಣು ತಂದುಕೊಟ್ಟು, ಎಷ್ಟು ದಿನ ಬೇಕಾದರೂ ಸುಧಾರಿಸಿಕೊಳ್ಳಮ್ಮ ಎಂದು ಹೇಳಿ, ಕಣ್ಣು ಒರೆಸಿಕೊಂಡೇ ಹೋದರು. ಗದಿಗೆಮ್ಮ ಅಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು.

ಎದೆಯಲ್ಲಿ ಹಾಲು ಇಳಿದದ್ದು ಆಮೇಲೆ. ದೇಹಕ್ಕೆ ಸುದ್ದಿ ಮುಟ್ಟಿರಲಿಲ್ಲ. ಕುಪ್ಪಸ ನೆನೆದು, ಎದೆ ಕಲ್ಲಾಗಿ, ಜ್ವರ ಬಂದು ನರಳತೊಡಗಿದಳು. ಯಂಕಮ್ಮ ಬಂದು ಬಿಸಿನೀರಿನ ಬಟ್ಟೆಯಿಟ್ಟು ನೀವಿ, "ಹಿಂಡಿ ತಗೀಬೇಕವ್ವ, ಇಲ್ಲಾಂದ್ರ ಗಂಟು ಕಟ್ಟತೈತಿ," ಎಂದಳು. "ನೆಲಕ್ಕ ಮಾತ್ರ ಚೆಲ್ಲಬ್ಯಾಡ. ಮಂದಿ ತುಳಿದಾಡಬಾರದು. ಜೀವ ಇರೋ ನೀರಿಗೆ ಬಿಡಬೇಕು. ಬಾವಿಗೆ ಬಿಡು, ತಣ್ಣಗಾಗಲಿ ನಿನ್ನ ಹೊಟ್ಟಿ."

ಗದಿಗೆಮ್ಮ ಗೋಡೆಯ ಕಡೆ ತಿರುಗಿ ಕುಳಿತು ಸ್ಟೀಲಿನ ಲೋಟಕ್ಕೆ ಹಿಂಡಿದಳು. ನೊರೆಗಟ್ಟಿದ ಹಳದಿ ಹಾಲು ಅರ್ಧ ಲೋಟದಷ್ಟಾಯಿತು. ಸೆರಗು ಹೊದ್ದು, ಲೋಟದ ಮೇಲೆ ಅಂಗೈ ಮುಚ್ಚಿ, ಬಾವಿಯ ಕಡೆ ನಡೆದಳು. ಹಸಿ ಮೈಯವಳು ಬಿದ್ದಾಳೆಂದು ಮಲ್ಲು ಹಿಂದೆಯೇ ಹೋದ.

ದಡದಲ್ಲಿ ನಿಂತು ಅಭ್ಯಾಸದ ಕೈ ಕಲ್ಲು ಎಸೆಯಿತು. ನೀರು ಬಳೆ ಬಳೆಯಾಗಿ ಅಲುಗಿ ಸುಮ್ಮನಾಯಿತು. ಇನ್ನೊಂದು ಎಸೆದಳು.

"ಮಾಮ, ಮೊನ್ನಿ ತನಕ ಇದ್ದುವಲ್ಲ ಕಪ್ಪಿ. ಎಲ್ಲಿ ಹೋದುವು?"

ಆಸ್ಪತ್ರೆಗೆ ಅಲೆದಾಡುವುದರಲ್ಲಿ ಮಲ್ಲು ಮಣಿಕೊಂಡಕ್ಕೆ ಹೋಗಿರಲಿಲ್ಲ. ಹೋಗುವ ಕಾರಣವೂ ಉಳಿದಿರಲಿಲ್ಲ. ಅವಳು ಲೋಟದ ಮೇಲಿನ ಅಂಗೈ ತೆಗೆದು ಬಗ್ಗಿದಳು. ತನ್ನ ಮಗನ ಹಾಲು ಆ ನೀರಿಗೆ ಬೀಳುವುದನ್ನು ನೋಡಲು ಅವನಿಂದ ಆಗಲಿಲ್ಲ.

"ಅಲ್ಲಿ ಹಾಕಬ್ಯಾಡ ಗದಿಗಿ."

"ಯಾಕ?"

"ಅದರಾಗ ಜೀವ ಇಲ್ಲ. ಎಂದಿಂದೋ ಇಲ್ಲ. ಕಪ್ಪಿ ನಾ ತಂದು ಬಿಡತಿದ್ದೆ. ಮಣಿಕೊಂಡದಿಂದ, ಲಾರ್ಯಾಗ. ಸತ್ತಾಗೆಲ್ಲ ಹೊಸಾವು ತರತಿದ್ದೆ."

ಅವಳು ನೆಟ್ಟಗೆ ನಿಂತಳು.

"ಎಂದಿನಿಂದ?"

"ನೀ ಈ ನೀರು ಒಲ್ಲೆ ಅಂದ ಮರುದಿನದಿಂದ. ನೀ ಮತ್ತ ಬುಟ್ಟಿ ಹೊರಾಕ ಹೋಗತಿ ಅಂತ ಅಂಜಿದ್ದೆ. ಕಪ್ಪಿ ಬಿಟ್ರ ನೀರು ಚಲೋ ಆಗತೈತಿ ಅಂದಕೊಂಡೆ. ನಾನೂ ಕುಡದೀನಿ ಗದಿಗಿ, ನಾನೂ ಅದನ್ನ ಕುಡದೀನಿ."

"ನಾ ಕಲ್ಲು ಒಗದು ಕಾಯತಿದ್ದೆ. ಅವಾಗ ನೀ ಎಲ್ಲಿರತಿದ್ದಿ?"

"ನಿನ್ನ ಹಿಂದ ನಿಂತಿರತಿದ್ದೆ."

ಬೈಯುತ್ತಾಳೆ, ಲೋಟ ಎಸೆಯುತ್ತಾಳೆ, ಬಾವಿಗೆ ಹಾರಿಬಿಡುತ್ತಾಳೆ ಎಂದೆಲ್ಲ ಹೆದರಿ ಅವನು ಅವಳ ಸೆರಗಿನ ಚುಂಗು ಹಿಡಿದುಕೊಂಡಿದ್ದ. ಅವಳು ಅದನ್ನು ಬಿಡಿಸಿಕೊಳ್ಳಲೂ ಇಲ್ಲ. ಹಾಲಿಗೆ ನೊಣ ಕೂಡದ ಹಾಗೆ ಮತ್ತೆ ಅಂಗೈ ಮುಚ್ಚಿ ಸುತ್ತ ನೋಡತೊಡಗಿದಳು. ತೋಟದಲ್ಲಿ ಒಂದು ಗಿಡವೂ ಇರಲಿಲ್ಲ, ನೆರಳಿಗೆ ಹುಲ್ಲು ಕೆಡುತ್ತದೆಂದು ಕಡಿಸಿದ್ದರು. ದಾರಿಯ ಮರಳಿನ ಮೇಲೆ ಆಳುಗಳ ಹೆಜ್ಜೆ. ಹುಲ್ಲನ್ನು ನಾಳೆ ಕೊಯ್ದು ಒಯ್ಯುತ್ತಾರೆ, ಅದರ ಮೇಲೆ ಊರಿನ ಬೂಟುಗಳೆಲ್ಲ ನಡೆದಾಡುತ್ತವೆ.

"ಎಲ್ಲಿ ಹಾಕಲಿ ಮಾಮ?" ಎಂದಳು.

ಮಲ್ಲು ಅವಳು ನೋಡಿದ ಕಡೆಯೆಲ್ಲ ತಾನೂ ನೋಡಿದ. ಅವಳು ಲೋಟ ಹಿಡಿದು ನಿಂತೇ ಇದ್ದಳು. ಕುಪ್ಪಸ ಮತ್ತೆ ಒದ್ದೆಯಾಗತೊಡಗಿತ್ತು.